ಹೆದರಿದ ಕೈ ಎಲ್ಲಿಗೆ ಹೋಗುತ್ತದೆ

ನನಗೆ ಹಾರ್ನ್ ಕಂಡರಾಗುವುದಿಲ್ಲ. ನಲವತ್ತು ವರ್ಷ ಧಾರವಾಡದ ಮಕ್ಕಳಿಗೆ ಸಂಗೀತ ಕಲಿಸಿದವಳು ನಾನು, ನಿರುಪಮಾ. ಸಪ್ತಾಪುರದ ನನ್ನ ಮನೆಯ ಕಿಟಕಿಯ ಕೆಳಗೆ ಯಾವನಾದರೂ ಪೀಂ ಎನ್ನಿಸಿದರೆ ತಂಬೂರಿ ಕೆಳಗಿಟ್ಟು, ಹೊರಗೆ ಹೋಗಿ, ಬೈದು ಬಂದು, ಮತ್ತೆ ಷಡ್ಜ ಹಿಡಿಯುವವಳು. ಇಂಥ ನಾನು ವಾರಕ್ಕೆ ಎರಡು ಮಧ್ಯಾಹ್ನ ಲಕಮನಹಳ್ಳಿಯಲ್ಲಿ ಒಬ್ಬ ಹಾರ್ನ್ ಮೇಸ್ತ್ರಿಯ ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತೇನೆ ಎಂದರೆ ನನ್ನ ಶಿಷ್ಯರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ.

ಹೊಸ ಸ್ಕೂಟರ್ ತೆಗೆದುಕೊಂಡ ಮೂರನೆಯ ದಿನ ನಡೆದದ್ದು ಇದಕ್ಕೆಲ್ಲ ಕಾರಣ. ತಿರುವಿನಲ್ಲಿ ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಯಾರೊಂದಿಗೋ ಮಾತಾಡುತ್ತ ಹಿಂದಕ್ಕೆ ಹೆಜ್ಜೆಯಿಟ್ಟಳು. ಜನ್ಮದಲ್ಲಿ ಹಾರ್ನ್ ಬಾರಿಸದವಳು ಅಂದು ಬಾರಿಸಲೇಬೇಕೆಂದು ಹೆಬ್ಬೆರಳು ಒತ್ತಿದೆ. ಬಂದದ್ದು ಟಿಕ್ ಟಿಕ್. ನನ್ನ ಹಳೆಯ ಸ್ಕೂಟರಿನಲ್ಲಿ ಹಾರ್ನ್ ಇದ್ದ ಜಾಗದಲ್ಲಿ ಹೊಸದರಲ್ಲಿ ಇಂಡಿಕೇಟರ್ ಕೂಡಿಸಿದ್ದಾರೆ ಪುಣ್ಯಾತ್ಮರು! ಎಡಕ್ಕೆ ತಿರುಗುತ್ತೇನೆ ಎಂದು ಊರಿಗೆಲ್ಲ ದೀಪ ತೋರಿಸುತ್ತ ಹೋಗಿ ಮೆಂತ್ಯ ಸೊಪ್ಪಿನ ಮೇಲೆ ಬಿದ್ದೆ. ಅವಳಿಗೆ ಏನೂ ಆಗಲಿಲ್ಲ. ನನ್ನ ಮಂಡಿ ತರಚಿತು, ಮರ್ಯಾದೆಯೂ ಸ್ವಲ್ಪ ತರಚಿತು. ಎಬ್ಬಿಸಿ ನಿಲ್ಲಿಸಿದ ರಿಕ್ಷಾದವನು, "ಅಕ್ಕೋರ, ಲಕಮನಹಳ್ಳ್ಯಾಗ ಬಡೇಸಾಬ ಅಂತ ಅದಾರ. ಅವರಿಗೆ ಒಮ್ಮೆ ನಿಮ್ಮ ಕೈ ತೋರಸ್ರಿ" ಎಂದ. ಕೈ ನೋಡಲಿಕ್ಕೆ ಅವರೇನು ಜ್ಯೋತಿಷಿಯೇ ಎಂದು ಗೊಣಗುತ್ತಲೇ ಹೋದೆ.

ಕಾರ್ಖಾನೆಗಳ ಸಾಲು ಮುಗಿಯುವಲ್ಲಿ ಒಂದು ಹುಣಸೆಮರ, ಅದರ ಕೆಳಗೆ ತಗಡಿನ ಅಂಗಡಿ. ಮರದ ಟೊಂಗೆಯಿಂದ ಟೊಂಗೆಗೆ ತಂತಿ ಕಟ್ಟಿ, ಬಿಚ್ಚಿದ ಹಳೆಯ ಹಾರ್ನುಗಳನ್ನೆಲ್ಲ ನೇತುಹಾಕಿದ್ದರು. ಬಸವನಹುಳದಂತೆ ಸುತ್ತಿಕೊಂಡವು, ತಟ್ಟೆಯಂಥವು, ಲಾರಿಯ ಉದ್ದ ಕೊಳವೆಗಳು. ಗಾಳಿ ಬಂದಾಗ ಅವು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಗುಟ್ಟುತ್ತಿದ್ದವು. ಅಂಗಡಿಯ ಇನ್ನರ್ಧದಲ್ಲಿ ಒಬ್ಬ ಮುದುಕರು ಕೊಡೆ ರಿಪೇರಿ ಮಾಡುತ್ತ ಕೂತಿದ್ದರು. ಕರಿಯ ಬಟ್ಟೆಗಳು ಬಿಸಿಲಿಗೆ ಹರಡಿದ್ದವು. ಹುಣಸೆ ಎಲೆಗಳ ಸಂದಿಯಿಂದ ಬಿಸಿಲು ಪುಡಿಪುಡಿಯಾಗಿ ಉದುರುತ್ತಿತ್ತು. ಹಾರ್ನುಗಳ ನಡುವೆ ಅಷ್ಟು ನಿಶ್ಶಬ್ದ ಇರಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬೈಯಬೇಕೆಂದು ಬಂದದ್ದು ಮರೆತೇಹೋಯಿತು.

ಬಡೇಸಾಬರು ನನ್ನನ್ನು ಸ್ಕೂಟರಿನ ಮೇಲೆ ಕೂಡಿಸಿದರು. ಚಾವಿ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ ಇವತ್ತು ಏನು ಅಡಿಗೆ, ಬದನೆಕಾಯಿಗೆ ಗುರೆಳ್ಳು ಪುಡಿ ಹಾಕುತ್ತೀರೋ ಶೇಂಗಾ ಪುಡಿಯೋ ಎಂದು ವಿಚಾರಿಸತೊಡಗಿದರು. ನಾನು ಗುರೆಳ್ಳಿನ ಪರವಾಗಿ ಮಾತಾಡುತ್ತ ಮೈಮರೆತಿದ್ದೆ. ಬೆನ್ನ ಹಿಂದೆ ಕಲ್ಲಿನ ಮೇಲೆ ದೊಡ್ಡ ತಗಡು ಧಡಾರನೆ ಬಿತ್ತು. ಅಯ್ಯಯ್ಯೋ! ನನ್ನ ಎರಡೂ ಕೈ ಹಾರಿ ಕಿವಿ ಮುಚ್ಚಿಕೊಂಡವು.

"ಅಕ್ಕೋರ, ನಿಮ್ಮ ಬಟನ್ ಕಿವ್ಯಾಗ ಕೂಡಸಬೇಕು ನೋಡ್ರಿ" ಎಂದರು ಬಡೇಸಾಬರು, ಸ್ವಲ್ಪವೂ ನಗದೆ.

ಕೊಡೆಯ ಮುದುಕರು ಮಾತ್ರ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. "ಏನ್ರೀ ಇದು? ವಯಸ್ಸಾದವರ ಎದಿ ಒಡದು ಹೋದರ ಯಾರು ಜವಾಬ್ದಾರಿ?" ಎಂದು ಇಳಿಯಲು ಹೋದೆ.

"ಸಿಟ್ಟಿಗೇಳಬ್ಯಾಡ್ರಿ. ಕಂಪನಿಯವರು ಹಾರ್ನ್ ಇಡೋದು ಆರಾಮ ಕುಂತ ಮನಷ್ಯಾಗ್ರಿ. ಹೆದರಿದ ಮನಷ್ಯಾನ ಕೈ ಎಲ್ಲಿ ಹೋಗತೈತಿ ಅಂತ ಅವರು ನೋಡಂಗಿಲ್ಲ. ನಾ ನೋಡ್ತೇನಿ" ಎಂದರು.

ಅದು ಅವರ ಕೆಲಸದ ರೀತಿ. ಯಾರೇ ಬರಲಿ, ಮಾತಿಗೆಳೆದು, ಮರೆಸಿ, ತಗಡು ಬೀಳಿಸಿ, ಕೈ ಹೋದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕುವುದು. ಬಟನ್ ಅಲ್ಲಿಗೇ ಬರಬೇಕು. ಹಾಲಿನವನೊಬ್ಬನ ಕೈ ಹಿಂದಿನ ಕ್ಯಾನಿಗೆ ಹೋಯಿತಂತೆ, ಒಬ್ಬ ವಕೀಲರದು ಜೇಬಿಗೆ. ನನ್ನ ಎಡಗೈ ಕಿವಿಗೆ ಹಾರುವ ಮೊದಲು ಒಂದು ಕ್ಷಣ ಅಂಗೈಯ ಬುಡದಿಂದ ಹಿಡಿಕೆಯನ್ನು ಒತ್ತಿತ್ತು. ನನಗೇ ಗೊತ್ತಾಗದ್ದು ಅವರಿಗೆ ಕಂಡಿತ್ತು. ಅಂಗೈಯ ಬುಡಕ್ಕೆ ಸಿಗುವಂತೆ ಬಟನ್ ಕೂಡಿಸಿಕೊಟ್ಟರು. ನನ್ನ ಹಾರ್ನಿನ ದನಿಯನ್ನೂ ನಾನು ಹೇಳಿದ ಸ್ವರಕ್ಕೆ ಇಳಿಸಿದರು. ಆ ದಿನದಿಂದ ಸ್ನೇಹ.

ಅವರ ಕತೆ ನನಗೆ ತುಣುಕು ತುಣುಕಾಗಿ ಗೊತ್ತಾಯಿತು. ಅಲ್ಲಿ ಮಧ್ಯಾಹ್ನಗಳೇ ಹಾಗೆ. ಯಾರೂ ಒಂದು ಮಾತನ್ನು ಪೂರ್ತಿ ಮುಗಿಸುವುದಿಲ್ಲ, ಗಾಳಿ ಬಂದು ತಂತಿ ಅಲುಗಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಹರೆಯದಲ್ಲಿ ಬಡೇಸಾಬರು ಹುಬ್ಬಳ್ಳಿಯ ಬ್ಯಾಟರಿ ಅಂಗಡಿಯಲ್ಲಿದ್ದರು. ಆಮೇಲೆ ಇಲ್ಲೇ ಸ್ವಂತ ಗ್ಯಾರೇಜು ಹಾಕಿ, ಎಲ್ಲ ಬಗೆಯ ಗಾಡಿಗಳ ವೈರಿಂಗ್ ಮಾಡುತ್ತಿದ್ದರು. ಹದಿನೆಂಟು ವರ್ಷದ ಹಿಂದೆ ಗಿರಾಕಿಯೊಬ್ಬರ ವ್ಯಾನನ್ನು ಪರೀಕ್ಷೆ ಮಾಡಲು ರಸ್ತೆಗೆ ತೆಗೆದರು. ಅಡ್ಡ ಓಣಿಯಿಂದ ಸೈಕಲ್ಲಿನ ಮೇಲೆ ಕೊಡೆಗಳ ಗಂಟು ಹೇರಿಕೊಂಡು ದಸ್ತಗೀರಸಾಬರು ಬಂದರು. ಈಗ ಅಂಗಡಿಯ ಇನ್ನರ್ಧದಲ್ಲಿ ಕೂತಿರುವವರು ಅವರೇ. ಬಡೇಸಾಬರು ಸ್ಟೇರಿಂಗಿನ ನಡುಮಧ್ಯೆ ಗುದ್ದಿದರು. ಅಲ್ಲಿ ಹಾರ್ನ್ ಇರಲಿಲ್ಲ. ಆ ವ್ಯಾನಿನಲ್ಲಿ ಅದು ಸ್ಟೇರಿಂಗಿನ ಪಕ್ಕದ ಕಡ್ಡಿಯ ತುದಿಯಲ್ಲಿತ್ತು. ಹುಡುಕುವುದರೊಳಗೆ ಆಗಬಾರದ್ದು ಆಗಿಹೋಯಿತು. ದಸ್ತಗೀರಸಾಬರ ಬಲಗಾಲು ಮತ್ತೆ ನೆಟ್ಟಗಾಗಲಿಲ್ಲ.

"ಹಾರ್ನ್ ಕೈಗೆ ಸಿಗಲಿಲ್ರಿ ಅಕ್ಕೋರ. ಸಿಕ್ಕಿತ್ತಂದ್ರ ಭಾಯಿಯ ಕಾಲು ಉಳೀತಿತ್ತು" ಎನ್ನುತ್ತಿದ್ದರು ಬಡೇಸಾಬರು. ಈ ಮಾತನ್ನು ನಾನೇ ಹತ್ತು ಸಲ ಕೇಳಿದ್ದೇನೆ, ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲ. ಅವರು ಹೇಳಿದಾಗಲೆಲ್ಲ ದಸ್ತಗೀರಸಾಬರು ಕೊಡೆಯ ಕಡ್ಡಿಗೆ ದಾರ ಕಟ್ಟುತ್ತ, ತಲೆ ಎತ್ತದೆ, "ಚಾ ಬಂತೇನು?" ಎಂದು ಕೇಳುತ್ತಿದ್ದರು. ಚಹಾ ಆಗ ತಾನೇ ಕುಡಿದಿದ್ದರೂ ಕೇಳುತ್ತಿದ್ದರು. ವಯಸ್ಸಿನ ಮರೆವು ಎಂದುಕೊಂಡಿದ್ದೆ.

ಆ ಅಪಘಾತದ ಮೇಲೆ ಬಡೇಸಾಬರು ಗ್ಯಾರೇಜಿನ ಬೇರೆ ಕೆಲಸವನ್ನೆಲ್ಲ ಬಿಟ್ಟು ಹಾರ್ನ್ ಒಂದನ್ನೇ ಹಿಡಿದರು. ಆಸ್ಪತ್ರೆಯಿಂದ ಬಂದ ದಸ್ತಗೀರಸಾಬರನ್ನು ಕರೆತಂದು ಅರ್ಧ ಅಂಗಡಿ ಕೊಟ್ಟರು. ತಾವು ಮಾತ್ರ ಆಮೇಲೆ ಯಾವ ಗಾಡಿಯನ್ನೂ ಓಡಿಸುತ್ತಿರಲಿಲ್ಲ. ಗಿರಾಕಿಯ ಸ್ಕೂಟರನ್ನು ಮರದ ಕೆಳಗಿನಿಂದ ರಸ್ತೆಗೆ ತರಬೇಕಿದ್ದರೂ ತಳ್ಳಿಕೊಂಡೇ ಬರುತ್ತಿದ್ದರು.

ಇನ್ನು ಉಜ್ಮಾ. ಬಡೇಸಾಬರ ಒಬ್ಬಳೇ ಮಗಳು, ಇಪ್ಪತ್ತಮೂರರ ಹುಡುಗಿ, ಮಾತು ಕಡಿಮೆ, ಕಣ್ಣು ಚುರುಕು. ಹೋದ ಮಳೆಗಾಲದಲ್ಲಿ ಅವಳಿಗೆ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ನಸುಕಿನಲ್ಲಿ ಮನೆಮನೆಗೆ ಹೋಗಿ, ಎದ್ದು ಓಡಾಡಲಾರದವರ ರಕ್ತ ತೆಗೆದುಕೊಂಡು ಬರುವ ಕೆಲಸ. ಸ್ಕೂಟರ್ ಇಲ್ಲದೆ ಆಗುವಂಥದ್ದಲ್ಲ. ಸೋಮವಾರ ಬೆಳಿಗ್ಗೆ ಹಾಜರಾಗಬೇಕು, ತಪ್ಪಿದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರು. ಗೆಳತಿಯ ಗಾಡಿಯ ಮೇಲೆ ಅವಳು ಓಡಿಸಲು ಕಲಿತು ಲೈಸೆನ್ಸೂ ಮಾಡಿಸಿದ್ದಳು. ಅವಳ ತಾಯಿ ಅಬೀದಾ ಹೊಲಿಗೆಯಲ್ಲಿ ಉಳಿಸಿ ಸ್ಕೂಟರ್ ಕೊಡಿಸಿದ್ದರು. ಅದು ಮರದ ಕೆಳಗೆ ಪ್ಲಾಸ್ಟಿಕ್ ಕೂಡ ಬಿಚ್ಚದೆ ನಿಂತಿತ್ತು.

"ಅಕಿ ಕೈ ಎಲ್ಲಿ ಹೋಗತೈತಿ ಅಂತ ನನಗ ಗೊತ್ತಾಗೋ ತನಕ ಚಾವಿ ಕೊಡಂಗಿಲ್ಲ" ಎಂದುಬಿಟ್ಟರು ಬಡೇಸಾಬರು.

ಶನಿವಾರ ಮಧ್ಯಾಹ್ನ ನಾನು ಹೋದಾಗ ಪರೀಕ್ಷೆ ನಡೆದಿತ್ತು. ಉಜ್ಮಾ ಸ್ಕೂಟರಿನ ಮೇಲೆ ಕೂತಿದ್ದಳು. ಬಡೇಸಾಬರು ಅವಳನ್ನು ಮಾತಿಗೆಳೆದು ತಗಡು ಬೀಳಿಸಿದರು. ಧಡಾರ್! ಮರದ ಮೇಲಿನ ಗುಬ್ಬಿಗಳು ಹಾರಿದವು, ನಾನೂ ಹಾರಿದೆ. ಉಜ್ಮಾ ತನ್ನ ಮಾತನ್ನು ಮುಂದುವರಿಸಿದಳು. ಕೈ ಇದ್ದಲ್ಲೇ ಇತ್ತು. ಇನ್ನೊಮ್ಮೆ ಬೀಳಿಸಿದರು. ಊಹೂಂ. ಲಾರಿಯ ಹಾರ್ನಿಗೆ ಬ್ಯಾಟರಿ ಕೊಟ್ಟು ಬೆನ್ನ ಹಿಂದೆಯೇ ಊದಿಸಿದರು. ಅವಳು ತಂದೆಯ ಕಡೆ ತಿರುಗಿ, "ಅಬ್ಬಾ, ಇದರೊಳಗಿನ ತಗಡು ಸಡಲ ಆಗೇತಿ ನೋಡು" ಎಂದಳು.

ಆಗ ನಮಗೆಲ್ಲ ಹೊಳೆಯಿತು. ಐದು ವರ್ಷದವಳಿದ್ದಾಗಿನಿಂದ ಈ ಹುಡುಗಿ ಶಾಲೆ ಬಿಟ್ಟವಳೇ ಇಲ್ಲಿಗೆ ಬರುತ್ತಿದ್ದಳು. ಈ ತಗಡಿನ ಪಕ್ಕದಲ್ಲೇ ಮಗ್ಗಿ ಬಾಯಿಪಾಠ ಮಾಡಿದ್ದಾಳೆ, ಈ ಹಾರ್ನುಗಳ ಕೆಳಗೆ ಚಾಪೆ ಹಾಕಿ ಮಲಗಿದ್ದಾಳೆ. ಜಗತ್ತಿನ ಯಾವ ಸದ್ದೂ ಅವಳನ್ನು ಬೆಚ್ಚಿಬೀಳಿಸುವುದಿಲ್ಲ. ಊರ ಮಂದಿಯ ಕೈಯನ್ನೆಲ್ಲ ಬಲ್ಲ ಬಡೇಸಾಬರಿಗೆ ಸ್ವಂತ ಮಗಳ ಕೈ ಗೊತ್ತಾಗದಂತೆ ಅವರೇ ಮಾಡಿಕೊಂಡಿದ್ದರು.

ನಾನೂ ನನ್ನ ಪ್ರಯತ್ನ ಮಾಡಿದೆ. ಸದ್ದಿಲ್ಲದೆ ಹಿಂದೆ ಹೋಗಿ, ಅವಳ ಕಿವಿಯ ಹತ್ತಿರ ತಾರ ಸಪ್ತಕದಲ್ಲಿ ಜೋರಾಗಿ ಒಂದು ತಾನ್ ಹೊಡೆದೆ. ಅರವತ್ತೇಳನೆಯ ವಯಸ್ಸಿನಲ್ಲಿ ಅದು ಸುಲಭವಲ್ಲ. ಉಜ್ಮಾ, "ಅಕ್ಕೋರ, ನೀರು ಕೊಡ್ಲೇನ್ರಿ?" ಎಂದಳು.

ಭಾನುವಾರ ಬಂತು. ಬಡೇಸಾಬರು ರಾತ್ರಿ ನಿದ್ದೆ ಮಾಡಿದಂತೆ ಕಾಣಲಿಲ್ಲ. ಉಜ್ಮಾ ಹಟ ಹಿಡಿದು ಮತ್ತೆ ಸ್ಕೂಟರಿನ ಮೇಲೆ ಕೂತಳು. "ಕಂಪನಿ ಇಟ್ಟ ಜಾಗದಾಗ ಇರ್ಲಿ ಅಬ್ಬಾ, ನಾ ರೂಢಿ ಮಾಡ್ಕೋತೇನಿ. ನಾಳೆ ಹೋಗಲಿಲ್ಲಂದ್ರ ಕೆಲಸ ಹೋಗತೈತಿ" ಎಂದಳು.

"ನಾನೂ ಹಂಗ ಅಂದ್ಕೊಂಡಿದ್ದೆ ಬೇಟಾ. ಕೈಗೆ ಸಿಗಲಿಲ್ಲ" ಎಂದರು ಬಡೇಸಾಬರು.

ಕಾರ್ಖಾನೆಗಳಿಗೆ ರಜೆ, ಎಲ್ಲಿಯೂ ಸದ್ದಿಲ್ಲ. ಮಳೆ ಬಂದು ನಿಂತು, ಮೋಡದ ಹಿಂದೆ ಬಿಸಿಲು ಹಾಲಿನ ಹಾಗೆ ಬೆಳ್ಳಗೆ ಹರಡಿತ್ತು. ನನಗೆ ಜೋಂಪು ಹತ್ತಿತ್ತು. ಕಣ್ಣು ಅರೆ ಮುಚ್ಚಿಕೊಂಡೇ ನೋಡಿದೆ: ದಸ್ತಗೀರಸಾಬರು ರಿಪೇರಿ ಮಾಡಿ ಬಿಚ್ಚಿಟ್ಟಿದ್ದ ಒಂದು ದೊಡ್ಡ ಕೊಡೆ ಗಾಳಿಗೆ ಎದ್ದಿತು. ಅವಸರವಿಲ್ಲದೆ ಉರುಳುತ್ತ ಅಂಗಳ ದಾಟತೊಡಗಿತು. ಕನಸಿನಲ್ಲಿ ನೋಡಿದಂತಿತ್ತು. ಅದರ ಹಿಂದೆ ದಸ್ತಗೀರಸಾಬರು ಊರುಗೋಲನ್ನೂ ಮರೆತು ಎರಡು ಹೆಜ್ಜೆ ಹಾಕಿದರು. ಸ್ಕೂಟರಿನ ಮುಂದಿನ ಗಾಲಿಯ ಎದುರಿಗೇ ಅವರ ಕಾಲು ಮಡಚಿತು. ಒಂದು ಚೂರೂ ಸದ್ದಿಲ್ಲದೆ, ಹಸಿ ಮಣ್ಣಿನ ಮೇಲೆ ಬಿದ್ದರು.

ನಾನು ಚೀರಿದೆ. ಉಜ್ಮಾ ಚೀರಲಿಲ್ಲ. ಗಾಡಿ ಸ್ಟ್ಯಾಂಡಿನ ಮೇಲಿತ್ತು, ಚಾವಿ ತಂದೆಯ ಜೇಬಿನಲ್ಲಿತ್ತು. ಆದರೂ ಅವಳ ಎರಡೂ ಕೈ ಎರಡೂ ಬ್ರೇಕನ್ನು ಬಿಗಿಯಾಗಿ ಎಳೆದು ಹಿಡಿದಿದ್ದವು. ಗೆಣ್ಣುಗಳು ಬೆಳ್ಳಗಾಗಿದ್ದವು. ಕಣ್ಣು ದಸ್ತಗೀರಸಾಬರನ್ನು ಬಿಟ್ಟು ಕದಲಿರಲಿಲ್ಲ.

ಬಿದ್ದವರನ್ನು ಎತ್ತಲು ನಾನೇ ಓಡಬೇಕಾಯಿತು. ಬಡೇಸಾಬರು ಮಗಳ ಕೈಯನ್ನೇ ನೋಡುತ್ತ ನಿಂತುಬಿಟ್ಟಿದ್ದರು. ಕೈಯಲ್ಲಿ ಸೀಮೆಸುಣ್ಣ ಇತ್ತು, ಗುರುತು ಹಾಕಲಿಲ್ಲ. ಅಲ್ಲೇ ಮಣ್ಣಿನಲ್ಲಿ ಕೂತರು.

"ಭಾಯಿ," ಎಂದರು. "ಅವತ್ತ ನಾ ಬ್ರೇಕ್ ಹಾಕಲಿಲ್ಲ."

ದಸ್ತಗೀರಸಾಬರು ಅಂಗಿಯ ಕೆಸರು ಒರೆಸಿಕೊಳ್ಳುತ್ತಿದ್ದರು. ಚಹಾ ಬಂತೇನು ಎಂದು ಕೇಳಬಹುದು ಎಂದುಕೊಂಡೆ. ಕೇಳಲಿಲ್ಲ.

"ಗೊತ್ತೈತಿ" ಎಂದರು.

"ಹಾರ್ನ್ ಹುಡುಕಿಕೋತ ಕುಂತೆ ನಾ. ಕಾಲು ಬ್ರೇಕಿನ ಮ್ಯಾಲಿತ್ತು, ತುಳೀಲಿಲ್ಲ. ಹದಿನೆಂಟು ವರ್ಷ ಆ ಬಟನ್ನಿಗೆ ಬೈಕೋತ ಬಂದೆ." ಸೀಮೆಸುಣ್ಣ ಕೆಳಗಿಟ್ಟರು. "ನಿಮಗ ಯಾವಾಗ ಗೊತ್ತಾತು?"

"ಅವತ್ತ. ನಾ ನಿನ್ನ ಎದುರಿಗೆ ಇದ್ದೆನಲ್ಲೋ ಬಡೇ. ನೀ ನನ್ನ ನೋಡಲಿಲ್ಲ. ತಲಿ ಬಗ್ಗಿಸಿ ಸ್ಟೇರಿಂಗ್ ನೋಡಾಕತ್ತಿದ್ದಿ."

"ಹೇಳಬಾರದಾಗಿತ್ತೇನು? ಇಷ್ಟು ವರ್ಷ ಮಗ್ಗಲದಾಗ ಕುಂತು ಒಂದು ಮಾತು ಹೇಳಲಿಲ್ಲಲ್ಲ!"

ದಸ್ತಗೀರಸಾಬರು ನನ್ನ ಭುಜ ಹಿಡಿದು ಎದ್ದು ನಿಂತರು. "ಹೇಳಿ ಏನ್ ಮಾಡ್ಲಿ? ನನ್ನ ಕಾಲಂತೂ ಹೋಗಿತ್ತು. ನಿನ್ನ ಕೈಯೂ ಹೋಗ್ಲಿ ಅಂತ ಬಿಡ್ಲೇನು?"

ಬಡೇಸಾಬರು ಅತ್ತರು. ಮುಚ್ಚಿಕೊಳ್ಳದೆ, ಒರೆಸಿಕೊಳ್ಳದೆ ಅತ್ತರು. ಉಜ್ಮಾ ಇಳಿದು ಬಂದು ತಂದೆಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ. ಆ ಕೊಡೆ ಮಾತ್ರ ಬೇಲಿಯವರೆಗೆ ಹೋಗಿ, ಅಲ್ಲಿಯೇ ಸುಮ್ಮನೆ ತಿರುಗುತ್ತಿತ್ತು.

ಅಂದು ಸಂಜೆ ಅವರು ಸ್ಕೂಟರ್ ಬಿಚ್ಚಿದರು. ಹಾರ್ನಿನ ಬಟನ್ ಕಂಪನಿ ಇಟ್ಟಲ್ಲೇ ಇರಲಿ ಎಂದು ಬಿಟ್ಟು, ಬ್ರೇಕಿನ ಹಿಡಿಕೆಯ ಒಳಗೆ ಇನ್ನೊಂದು ಪುಟ್ಟ ಸ್ವಿಚ್ಚು ಕೂಡಿಸಿದರು. "ಹಗೂರ ಹಿಡಿದ್ರ ಏನೂ ಆಗಂಗಿಲ್ಲ. ಹೆದರಿ ಪೂರ್ತಿ ಎಳೆದ್ರ ಬ್ರೇಕಿನ ಜೋಡಿ ಹಾರ್ನೂ ಆಗತೈತಿ. ಹುಡುಕೋದ ಬ್ಯಾಡ" ಎಂದು ಮಗಳಿಗೆ ತೋರಿಸಿದರು. ಇಷ್ಟು ಸರಳ ಕೆಲಸ ಇಷ್ಟು ವರ್ಷ ಅವರಿಗೆ ಹೊಳೆದಿರಲಿಲ್ಲ. ಬ್ರೇಕಿನ ಕಡೆಗೆ ಅವರು ನೋಡಿಯೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೆ ನಾನು ಅಲ್ಲಿದ್ದೆ. ಜಿಟಿಜಿಟಿ ಮಳೆ. ಹುಣಸೆಮರ, ಹಾರ್ನುಗಳು, ರಸ್ತೆ, ಎಲ್ಲವೂ ಮಂಜಿನಲ್ಲಿ ಅರ್ಧ ಕರಗಿದ್ದವು. ಉಜ್ಮಾ ಬಿಳಿಯ ಕೋಟು ಹಾಕಿಕೊಂಡು, ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದಳು. ಕೆಲಸ ಮುಗಿದ ಗಾಡಿಯನ್ನು ಯಾರಾದರೂ ಒಮ್ಮೆ ಓಡಿಸಿ ನೋಡಬೇಕು. ಯಾವಾಗಲೂ ಗಿರಾಕಿಯೇ ಓಡಿಸುವುದು.

ದಸ್ತಗೀರಸಾಬರು ತಮ್ಮ ದೊಡ್ಡ ಕೊಡೆ ಬಿಚ್ಚಿಕೊಂಡು, ಕುಂಟುತ್ತ ಹೋಗಿ, ರಸ್ತೆಯ ನಡುಮಧ್ಯೆ ನಿಂತರು. ನಮ್ಮ ಕಡೆ ತಿರುಗಿದರು.

"ಬಾ ಬಡೇ" ಎಂದು ಕೂಗಿದರು. "ನೀನ ಹೊಡಕೊಂಡು ಬಾ. ನಾ ಇಲ್ಲೇ ನಿಂತೇನಿ."

"ಭಾಯಿ, ಹುಚ್ಚರಂಗ ಮಾಡಬ್ಯಾಡ್ರಿ, ಸರೀರಿ ಆ ಕಡೆ!"

"ನಾ ಸರಿಯಂಗಿಲ್ಲ. ಹುಡುಗಿಗೆ ಹೊತ್ತಾಗತೈತಿ, ಲಗೂ ಬಾ."

ಬಡೇಸಾಬರು ನನ್ನ ಮುಖ ನೋಡಿದರು. "ಏನು ನೋಡ್ತೀರಿ? ಹತ್ರಿ" ಎಂದು ಗದರಿದೆ. ಅವರು ಹತ್ತಿದರು. ಚಾವಿ ತಿರುಗಿಸಿದರು. ಹದಿನೆಂಟು ವರ್ಷದ ಮೇಲೆ ಗಾಡಿ ಅವರ ಕೆಳಗೆ ಚಲಿಸಿತು, ನಡೆದು ಹೋಗುವವರ ವೇಗದಲ್ಲಿ, ಮಂಜಿನೊಳಗೆ. ಕರಿಯ ಕೊಡೆಯ ಕೆಳಗಿನ ಮನುಷ್ಯ ಅಲುಗಲಿಲ್ಲ. ಬಡೇಸಾಬರ ತಲೆ ಒಮ್ಮೆಯೂ ಬಗ್ಗಲಿಲ್ಲ. ಒಂದು ಮಾರು ದೂರ ಉಳಿದಾಗ ಎರಡೂ ಕೈಯಿಂದ ಬ್ರೇಕ್ ಪೂರ್ತಿ ಎಳೆದರು. ಗಾಡಿ ನಿಂತಿತು, ಹಾರ್ನ್ ಒಮ್ಮೆ ಚಿಕ್ಕದಾಗಿ ಕೂಗಿತು. ಯಾವ ಸ್ವರವೆಂದು ನನಗೆ ಈಗ ನೆನಪಿಲ್ಲ. ನನ್ನಂಥವಳು ಸ್ವರ ಕೇಳಲು ಮರೆತ ಹಾರ್ನ್ ಅದೊಂದೇ.

ದಸ್ತಗೀರಸಾಬರು ಕೊಡೆಯನ್ನು ಮುಂದೆ ಚಾಚಿ, ಬಡೇಸಾಬರ ತಲೆಯ ಮೇಲೆ ಹಿಡಿದರು.

"ಈ ಸಲ ನನ್ನ ನೋಡಿದಿ" ಎಂದರು.

ಉಜ್ಮಾ ಓಡಿಹೋಗಿ ಚಾವಿ ಕೇಳಿದಳು. ಬಡೇಸಾಬರು ಇಳಿದು ಗಾಡಿ ಕೊಟ್ಟರು, ಅವಳ ಹೆಲ್ಮೆಟ್ಟಿನ ಪಟ್ಟಿ ತಾವೇ ಬಿಗಿದರು. ಅವಳು ಹುಬ್ಬಳ್ಳಿಯ ಕಡೆಗೆ ಹೊರಟಳು. ಸ್ಕೂಟರಿನ ಸದ್ದು ಮಳೆಯಲ್ಲಿ ಕಳೆದುಹೋಗುವವರೆಗೆ ಆ ಇಬ್ಬರೂ ಒಂದೇ ಕೊಡೆಯ ಕೆಳಗೆ ನಿಂತು ಕಿವಿಗೊಟ್ಟರು. ಹಾರ್ನ್ ಕೇಳಿಸಲಿಲ್ಲ. ಆಮೇಲೆ ಬಡೇಸಾಬರು ಭಾಯಿಯ ತೋಳು ಹಿಡಿದು ರಸ್ತೆ ದಾಟಿಸುತ್ತ, "ಚಾ ಕುಡಿಯೂಣು ಬರ್ರಿ" ಎಂದರು.